ಮಗನ ಪಿಚಿಂಗ್ ವಿಡಿಯೋ 31 ಕೋಚ್‌ಗಳಿಗೆ ಕಳಿಸಿದೆ, ಉತ್ತರವೇ ಇಲ್ಲ. ಎಲ್ಲಿ ತಪ್ಪಾಗಿದೆ?

ಬಲಗೈ ಹುಡುಗನ ಅಪ್ಪ, ಓಹಾಯೋ

ಎಲ್ಲರಿಗೂ ನಮಸ್ಕಾರ. ಮಕ್ಕಳನ್ನು ಬೇಸ್‌ಬಾಲ್‌ಗೆ ಹಾಕಿರುವ ಕನ್ನಡದವರು ಇಲ್ಲಿ ಕೆಲವರಾದರೂ ಇದ್ದೀರಿ ಎಂದು ಗೊತ್ತು. ಅದಕ್ಕೇ ಕೇಳುತ್ತಿದ್ದೇನೆ.

ನನ್ನ ಮಗ ಈ ತಿಂಗಳು ಹತ್ತನೇ ಕ್ಲಾಸು ಮುಗಿಸಿದ. 2027ರಲ್ಲಿ ಹೈಸ್ಕೂಲ್ ಮುಗಿಸುವ ಬ್ಯಾಚು. ಬಲಗೈ ಪಿಚರ್ (ಬ್ಯಾಟರ್‌ಗೆ ಚೆಂಡು ಎಸೆಯುವವನು), ಎತ್ತರ 6 ಅಡಿ 1 ಇಂಚು, ತೂಕ 172 ಪೌಂಡು. ಫಾಸ್ಟ್‌ಬಾಲ್ ಗಂಟೆಗೆ 82ರಿಂದ 84 ಮೈಲಿ ವೇಗದಲ್ಲಿ ಬರುತ್ತೆ, ಒಂದೇ ಒಂದು ಸಲ 86 ಬಂದಿತ್ತು. ಜೊತೆಗೆ ಕರ್ವ್ (ತಿರುಗಿ ಕೆಳಗಿಳಿಯುವ ಚೆಂಡು) ಮತ್ತು ಚೇಂಜಪ್ (ಫಾಸ್ಟ್‌ಬಾಲ್ ಥರ ಕಂಡು ನಿಧಾನ ಬರುವ ಚೆಂಡು) ಹಾಕುತ್ತಾನೆ. ಓದಿನ ಸರಾಸರಿ ಅಂಕ (ಜಿಪಿಎ) 3.8. ಕಾಲೇಜಿನಲ್ಲಿ ಆಡಬೇಕು ಅನ್ನೋ ಆಸೆ ಅವನಿಗೆ ಹತ್ತು ವರ್ಷದವನಿದ್ದಾಗಿಂದ ಇದೆ. ಕೋಣೆಯ ಗೋಡೆ ಮೇಲೆ ಪಿಚರ್ ಕುಮಾರ್ ರಾಕರ್ ಚಿತ್ರ ಅಂಟಿಸಿಕೊಂಡಿದ್ದಾನೆ. ರಾಕರ್ ತಾಯಿಯ ಕಡೆಯಿಂದ ಭಾರತದ ಮೂಲದವನು ಅನ್ನೋದೂ ಒಂದು ಅಭಿಮಾನ. 2019ರಲ್ಲಿ ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದಲ್ಲಿ ಮೊದಲ ವರ್ಷದವನಿದ್ದಾಗ ಡ್ಯೂಕ್ ವಿಶ್ವವಿದ್ಯಾಲಯದ ಮೇಲೆ 19 ಸ್ಟ್ರೈಕ್‌ಔಟ್ (ಮೂರು ಸ್ಟ್ರೈಕ್‌ಗೆ ಬ್ಯಾಟರ್ ಔಟಾಗುವುದು) ತೆಗೆದು, ಒಂದೂ ಹಿಟ್ ಕೊಡದೆ ನೋ-ಹಿಟ್ಟರ್ ಹಾಕಿದ ಆ ಪಂದ್ಯ ನಮ್ಮ ಮನೆ ಟೀವಿಯಲ್ಲಿ ಎಷ್ಟು ಸಲ ಓಡಿದೆಯೋ ಲೆಕ್ಕವಿಲ್ಲ.

ಹಾಗಾಗಿ ರಿಕ್ರೂಟಿಂಗ್ ವಿಡಿಯೋ ಮಾಡೋಣ ಎಂದು ಕೂತಾಗ ನಮ್ಮಿಬ್ಬರ ತಲೆಗೂ ಬಂದಿದ್ದು ಸ್ಟ್ರೈಕ್‌ಔಟ್‌ಗಳೇ. ಹೈಸ್ಕೂಲ್ ಸೀಸನ್ನು, ಟ್ರಾವೆಲ್ ಬಾಲ್ (ಶಾಲೆಯ ಹೊರಗಿನ ಕ್ಲಬ್ ಟೀಮು) ಎರಡೂ ಸೇರಿ ಒಟ್ಟು 22 ಸ್ಟ್ರೈಕ್‌ಔಟ್ ಆರಿಸಿದೆವು. ಎಲ್ಲವೂ ಬ್ಯಾಕ್‌ಸ್ಟಾಪ್ (ಕ್ಯಾಚರ್ ಹಿಂದಿನ ಬೇಲಿ) ಹಿಂದಿನ ಮೆಟ್ಟಿಲ ಮೇಲೆ ಕೂತು, ಬೇಲಿಯ ಮೂಲಕ, ನನ್ನ ಫೋನಿನಲ್ಲಿ ತೆಗೆದವು. ಬ್ಯಾಟರ್ ಬೀಸಿದರೂ ಚೆಂಡು ತಾಗದ ಕ್ಷಣಕ್ಕೆ ಸ್ಲೋ ಮೋಷನ್, ಹಿಂದೆ ಒಂದು ಹಾಡು, ಶುರುವಿನಲ್ಲಿ ಅವನ ಹೆಸರು ಹಾರಿ ಬಂದು ಕೂರುವ ಹಾಗೆ ಒಂದು ಟೈಟಲ್. ಒಟ್ಟು 6 ನಿಮಿಷ 40 ಸೆಕೆಂಡು. ಮೂರು ವೀಕೆಂಡ್ ಕೂತು ಮಾಡಿದೆ.

ಮೂರು ವಾರದ ಹಿಂದೆ 31 ಕಾಲೇಜಿನ ಕೋಚ್‌ಗಳಿಗೆ ಮೇಲ್ ಮಾಡಿದೆ. ಬಂದಿದ್ದು ಎರಡು ಉತ್ತರ. ಎರಡೂ ಬೇಸಿಗೆ ಕ್ಯಾಂಪಿಗೆ ದುಡ್ಡು ಕಟ್ಟಿ ಬನ್ನಿ ಅನ್ನೋ ಪತ್ರಗಳು, ಎಲ್ಲರಿಗೂ ಕಳಿಸುವಂಥವು. ಮಗ ದಿನಾ ಸಂಜೆ ಬಂದು "ಏನಾದ್ರೂ ಬಂತಾ ಅಪ್ಪ?" ಅಂತ ಕೇಳುತ್ತಾನೆ. ಈಗೀಗ ಕೇಳೋದೂ ಬಿಟ್ಟಿದ್ದಾನೆ. ಅದು ನನಗೆ ಇನ್ನೂ ಕಷ್ಟ.

ನಾನು ಕ್ರಿಕೆಟ್ ನೋಡಿ ಬೆಳೆದವನು. ಬೇಸ್‌ಬಾಲ್ ಕಲಿತಿದ್ದೇ ಮಗನ ಬೆನ್ನ ಹಿಂದೆ ನಿಂತು. ನಮ್ಮ ವಿಡಿಯೋದಲ್ಲಿ ಏನು ಕೊರತೆ ಇದೆ? ವಿಡಿಯೋ ಮಾಡಿಕೊಡುವ ಒಂದು ಸರ್ವಿಸಿನವರು 900 ಡಾಲರ್ ಕೇಳುತ್ತಿದ್ದಾರೆ. ಕೊಡೋದೇ ಒಳ್ಳೇದಾ? ಅನುಭವ ಇರುವವರು ಮುಚ್ಚುಮರೆ ಇಲ್ಲದೆ ಹೇಳಿ.

ಎಡಗೈ ಹುಡುಗನ ಅಮ್ಮ

ಸರ್, ಮೊದಲು ಆ 900 ಡಾಲರ್ ಜೇಬಿನಲ್ಲೇ ಇರಲಿ. ನಿಮ್ಮ ಫೋನು, ಒಂದು ಟ್ರೈಪಾಡು, ಚೆಂಡು ಕೈಬಿಡದ ಒಬ್ಬ ಕ್ಯಾಚರ್ ಇದ್ದರೆ ಸಾಕು.

ನನ್ನ ಮಗ ಈಗ ಪೆನ್ಸಿಲ್ವೇನಿಯಾದ ಒಂದು ಡಿವಿಷನ್ 3 (ಕಾಲೇಜು ಕ್ರೀಡೆಯ ಮೂರು ಹಂತಗಳಲ್ಲಿ ಒಂದು, 1 ಎಲ್ಲಕ್ಕಿಂತ ಮೇಲಿನದು) ಕಾಲೇಜಿನಲ್ಲಿ ಎರಡನೇ ವರ್ಷದ ಪಿಚರ್. ಅವನ ವಿಡಿಯೋಗಳನ್ನೆಲ್ಲ ತೆಗೆದಿದ್ದು ನಾನೇ. ನೀವು ಮಾಡಿದ್ದನ್ನೇ ನಾನೂ ಮಾಡಿದ್ದೆ, ಹಾಡಿನ ಸಮೇತ. ನನ್ನ ಕಣ್ಣು ತೆರೆದಿದ್ದು ಒಂದು ಕ್ಯಾಂಪಿನಲ್ಲಿ. ಮಧ್ಯಾಹ್ನದ ಬಿಡುವಿನಲ್ಲಿ ಒಬ್ಬ ಅಸಿಸ್ಟೆಂಟ್ ಕೋಚ್ ಡಗ್‌ಔಟ್ ಪಕ್ಕ ನಿಂತು ಫೋನ್ ನೋಡುತ್ತಿದ್ದರು. ನನ್ನ ಮಗ ಹೋಗಿ, ನನ್ನ ವಿಡಿಯೋ ನೋಡುತ್ತೀರಾ ಎಂದು ಕೇಳಿದ. ಪಾಪ, ಆಗಲಿ ಎಂದು ಅಲ್ಲೇ ಲಿಂಕ್ ತೆರೆದರು. ನಾನು ಎರಡು ಹೆಜ್ಜೆ ಹಿಂದೆ ನಿಂತಿದ್ದೆ. ಮೊದಲು ಅವರ ಹೆಬ್ಬೆರಳು ಮಾಡಿದ ಕೆಲಸ ಸದ್ದು ಅಡಗಿಸಿದ್ದು. ಆಮೇಲೆ ಟೈಟಲ್ ದಾಟಿಸಿ ಮುಂದಕ್ಕೆ ಎಳೆದರು. ಒಂದು ಸ್ಟ್ರೈಕ್‌ಔಟ್ ನೋಡಿದರು, ಮತ್ತೆ ಎಳೆದರು, ಇನ್ನೊಂದು ನೋಡಿದರು. ನನಗೆ ಎಣಿಸುವಷ್ಟು ಹೊತ್ತೂ ಇರಲಿಲ್ಲ, ಹೆಚ್ಚೆಂದರೆ 20 ಸೆಕೆಂಡು. ಫೋನ್ ಕೆಳಗಿಳಿಸಿ ಕೇಳಿದ್ದು ಒಂದೇ ಪ್ರಶ್ನೆ: "ಪಕ್ಕದಿಂದ ತೆಗೆದದ್ದು ಇದೆಯಾ?" ಇರಲಿಲ್ಲ.

ಆ ಪ್ರಶ್ನೆಯಲ್ಲೇ ಎಲ್ಲ ಇದೆ ಸರ್. ಕೋಚ್‌ಗೆ ಬ್ಯಾಟರ್ ಔಟಾಗಿದ್ದು ಬೇಕಾಗಿಲ್ಲ. ಕುಮಾರ್ ರಾಕರ್‌ನ 19 ಸ್ಟ್ರೈಕ್‌ಔಟ್‌ಗೆ ಬೆಲೆ ಯಾಕೆ ಅಂದರೆ ಎದುರಿಗಿದ್ದವರು ಡ್ಯೂಕ್ ಬ್ಯಾಟರ್‌ಗಳು, ಅದು ಎನ್‌ಸಿಎಎ (ಕಾಲೇಜು ಕ್ರೀಡೆ ನಡೆಸುವ ಸಂಸ್ಥೆ) ಚಾಂಪಿಯನ್‌ಶಿಪ್ಪಿನ ಸೂಪರ್ ರೀಜನಲ್ ಪಂದ್ಯ. ನಮ್ಮ ಮಕ್ಕಳ ವಿಡಿಯೋದಲ್ಲಿ ಬೀಸಿ ಚೆಂಡು ತಾಗಿಸಲಾಗದ ಹುಡುಗ ಯಾರು, ಅವನಿಗೆ ಬ್ಯಾಟ್ ಹಿಡಿಯಲು ಬರುತ್ತದೋ ಇಲ್ಲವೋ ಕೋಚ್‌ಗೆ ಹೇಗೆ ಗೊತ್ತಾಗಬೇಕು? ಅವರಿಗೆ ಕಾಣಬೇಕಾದದ್ದು ಕೈ, ಮೈ, ಚೆಂಡು, ಈ ಮೂರೇ. ಕೈ ಎಷ್ಟು ಸಲೀಸಾಗಿ ಬರುತ್ತಿದೆ, ಮುಂದಿನ ಕಾಲು ನೆಲ ಮುಟ್ಟುವಾಗ ಕೈ ಎಲ್ಲಿದೆ, ಚೆಂಡು ಕೊನೆಯ ಹತ್ತು ಅಡಿಯಲ್ಲಿ ಏನು ಮಾಡುತ್ತಿದೆ. ಇನ್ನೂ ಎರಡು ವರ್ಷಕ್ಕೆ ಈ ಹುಡುಗ ಎಷ್ಟು ಬೆಳೆಯಬಹುದು ಎಂದು ಅವರು ಅದರಲ್ಲಿ ಓದುತ್ತಾರೆ. ನೀವು ಬ್ಯಾಟರ್ ಬೀಸು ತಪ್ಪಿದ ಕ್ಷಣಕ್ಕೆ ಸ್ಲೋ ಮೋಷನ್ ಹಾಕಿದ್ದೀರಿ. ಹಾಕಬೇಕಾಗಿದ್ದು ಚೆಂಡು ಕೈಬಿಡುವ ಕ್ಷಣಕ್ಕೆ.

ಹಾಗಾಗಿ ಪಂದ್ಯದ ತುಣುಕು ಬದಿಗಿಟ್ಟು ಒಂದು ಬುಲ್‌ಪೆನ್ ವಿಡಿಯೋ, ಅಂದರೆ ಬ್ಯಾಟರ್ ಇಲ್ಲದೆ ಕ್ಯಾಚರ್‌ಗೆ ಎಸೆಯುವ ಅಭ್ಯಾಸದ್ದು, ತೆಗೆಯಿರಿ. ನಿಮ್ಮವನು ಬಲಗೈಯವನಾದ್ದರಿಂದ ಮೂರನೇ ಬೇಸ್ ಕಡೆಯಿಂದ ಅವನ ಎದೆ ಕಾಣುತ್ತೆ, ಅದನ್ನೇ ಓಪನ್ ಸೈಡ್ ಅನ್ನುತ್ತಾರೆ. ನನ್ನವನು ಎಡಗೈ, ನಾನು ಮೊದಲನೇ ಬೇಸ್ ಕಡೆ ನಿಲ್ಲುತ್ತಿದ್ದೆ. ಅಲ್ಲಿಂದ ಪಾದದಿಂದ ಟೋಪಿವರೆಗೆ ಪೂರ್ತಿ ಮೈ, ಮೌಂಡಿನ (ನಿಂತು ಎಸೆಯುವ ದಿಬ್ಬದ) ಇಳಿಜಾರು ಸಮೇತ ಫ್ರೇಮಿನಲ್ಲಿರಲಿ. ಎರಡನೆಯದು ಪಿಚರ್ ಹಿಂದಿನಿಂದ, ಟೀವಿಯಲ್ಲಿ ತೋರಿಸುವ ಹಾಗೆ. ನೇರ ಬೆನ್ನ ಹಿಂದೆ ನಿಂತರೆ ಅವನ ಮೈಯೇ ಕ್ಯಾಚರ್‌ನ ಗ್ಲೋವ್, ಅಂದರೆ ಮಿಟ್ಟನ್ನು ಮುಚ್ಚುತ್ತೆ, ಸ್ವಲ್ಪ ಪಕ್ಕಕ್ಕೆ ಸರಿಯಿರಿ. ಮೂರನೆಯದು ಕ್ಯಾಚರ್ ಹಿಂದಿನಿಂದ. ಚೆಂಡಿನ ತಿರುವು ಚೆನ್ನಾಗಿ ತಿಳಿಯೋದು ಎರಡನೆಯದರಲ್ಲಿ. ಆದರೆ ಕೋಚ್‌ಗಳು ಕೇಳುವುದು ಮೊದಲನೆಯದನ್ನ.

ಫಾಸ್ಟ್‌ಬಾಲ್ ನಾಲ್ಕು, ಎರಡು ಒಳಗಡೆ, ಎರಡು ಹೊರಗಡೆ. ಕರ್ವ್ ಮೂರು, ಚೇಂಜಪ್ ಮೂರು. ಯಾವುದು ಯಾವುದು ಎಂದು ಮೂಲೆಯಲ್ಲಿ ಸಣ್ಣದಾಗಿ ಬರೆಯಿರಿ. ಕೈಬಿಟ್ಟ ಚೆಂಡು ಮಿಟ್ಟಿಗೆ ಬೀಳುವವರೆಗೆ ಕತ್ತರಿ ಹಾಕಬೇಡಿ. ಕೆಲವು ವೈಂಡಪ್‌ನಿಂದ (ಪೂರ್ತಿ ಮೈ ತಿರುವಿ ಎಸೆಯುವುದು), ಕೆಲವು ಸ್ಟ್ರೆಚ್‌ನಿಂದ (ಬೇಸ್ ಮೇಲೆ ಓಟಗಾರ ಇದ್ದಾಗಿನ ಚುಟುಕು ಎಸೆತ) ಇರಲೇಬೇಕು. ಸ್ಟ್ರೆಚ್‌ನಲ್ಲಿ ಮೊದಲು ಅಲುಗಿದ ಕ್ಷಣದಿಂದ ಚೆಂಡು ಕ್ಯಾಚರ್ ಕೈ ಸೇರುವವರೆಗೆ 1.3 ಸೆಕೆಂಡಿನ ಆಸುಪಾಸು ಇದ್ದರೆ ಕೋಚ್‌ಗಳಿಗೆ ಸಮಾಧಾನ, ಬೇಸ್ ಕದಿಯುವವರನ್ನು (ಎಸೆತದ ಹೊತ್ತಲ್ಲೇ ಮುಂದಿನ ಬೇಸಿಗೆ ಓಡುವವರನ್ನು) ಹಿಡಿದಿಡಬಹುದು. ಸ್ಟಾಪ್‌ವಾಚ್ ಒತ್ತಿಯೇ ನೋಡುತ್ತಾರೆ. ಕೊನೆಯಲ್ಲಿ ಐದಾರು ಪಿಚ್ (ಎಸೆತ) ಒಂದೇ ಸಮನೆ, ಎಡಿಟ್ ಇಲ್ಲದೆ ಹಾಕಿ. ಒಂದು ಚೆಂಡು ಗುರಿ ತಪ್ಪಿದ್ದರೂ ತೆಗೆಯಬೇಡಿ. ನನ್ನ ಮಗನನ್ನು ತೆಗೆದುಕೊಂಡ ಕೋಚ್ ಆಮೇಲೆ ಹೇಳಿದ್ದು ಇದು: ಒಂದು ಕರ್ವ್ ನೆಲಕ್ಕೆ ಬಿತ್ತು, ಮುಂದಿನದನ್ನು ಅದೇ ಜಾಗಕ್ಕೆ ಹಾಕಿ ಸರಿಮಾಡಿಕೊಂಡ, ಅದು ಹಿಡಿಸಿತು ಅಂತ. ನಾನು ಆ ನೆಲಕ್ಕೆ ಬಿದ್ದ ಪಿಚ್ಚನ್ನು ಕತ್ತರಿಸಿ ಹಾಕೋಣ ಎಂದು ಎರಡು ಸಲ ಯೋಚಿಸಿದ್ದೆ.

ಒಟ್ಟು ಎರಡು ನಿಮಿಷ ದಾಟಬಾರದು. ಹಾಡು ತೆಗೆಯಿರಿ, ಮಿಟ್ಟಿನ ಸದ್ದು ಇರಲಿ. ಶುರುವಿನಲ್ಲಿ ನಾಲ್ಕೈದು ಸೆಕೆಂಡು ಒಂದು ಸಾದಾ ಫಲಕ: ಹೆಸರು, ಪದವಿ ವರ್ಷ, ಎತ್ತರ, ತೂಕ, ಯಾವ ಕೈ, ಶಾಲೆ, ಟ್ರಾವೆಲ್ ಟೀಮು, ಜಿಪಿಎ, ಫೋನು. ವೇಗ ಬರೆಯುವಾಗ 86 ಎಂದು ಬರೆಯಬೇಡಿ ಸರ್. 82-84 ಎಂದೇ ಬರೆಯಿರಿ. ರೇಡಾರಿನ ಅಂಕಿ ಫ್ರೇಮಿನಲ್ಲೇ ಕಂಡರೆ ಇನ್ನೂ ಒಳ್ಳೆಯದು. ನೋಡಿ ನೋಡಿ ಪಳಗಿದ ಕಣ್ಣು ಅವರದು, ಎದುರಿಗೆ ಎಸೆದ ದಿನ ಅವರ ಕೈಯಲ್ಲೂ ರೇಡಾರ್ ಇರುತ್ತೆ.

ಇನ್ನೊಂದು ಮಾತು, ಇದನ್ನು ದಯವಿಟ್ಟು ಹಗುರವಾಗಿ ತೆಗೆದುಕೊಳ್ಳಬೇಡಿ. ನಾನು ಮೊದಲ ಸಲ ಬುಲ್‌ಪೆನ್ ತೆಗೆದ ದಿನ ಒಂದು ಕಡೆ ಫೋಕಸ್ ಹೋಯಿತು, ಇನ್ನೊಂದು ಕಡೆ ಬ್ಯಾಟರಿ ಸತ್ತಿತು. "ಇನ್ನೊಂದ್ಸಲ ಹಾಕು, ಇನ್ನೊಂದ್ಸಲ ಹಾಕು" ಎನ್ನುತ್ತಾ ಅವನ ಕೈಯಲ್ಲಿ 70ರ ಮೇಲೆ ಹಾಕಿಸಿದೆ. ಹದಿನಾರು ವರ್ಷದ ಹುಡುಗ, ಅಮ್ಮ ಕೇಳಿದಳು ಎಂದು ಹಾಕಿದ. ರಾತ್ರಿ ಊಟಕ್ಕೆ ಕೂತಾಗ ಎಡಗೈ ಮೇಜಿನ ಮೇಲೆ ಇಡದೆ ಬಲಗೈಯಲ್ಲಿ ಚಮಚ ಹಿಡಿದಿದ್ದ. ನಾಲ್ಕು ದಿನ ಮೊಣಕೈ ನೋವು. ದೇವರ ದಯೆ, ದೊಡ್ಡದೇನೂ ಆಗಲಿಲ್ಲ. ಎಂಎಲ್‌ಬಿಯವರ (ಅಮೆರಿಕದ ವೃತ್ತಿಪರ ಬೇಸ್‌ಬಾಲ್ ಲೀಗ್) ಪಿಚ್ ಸ್ಮಾರ್ಟ್ ಮಾರ್ಗಸೂಚಿಯಲ್ಲಿ 15-16 ವಯಸ್ಸಿನವರಿಗೆ ದಿನಕ್ಕೆ ಗರಿಷ್ಠ 95 ಪಿಚ್. 31ರಿಂದ 45 ಹಾಕಿದರೆ ಒಂದು ದಿನ ವಿಶ್ರಾಂತಿ, 46ರಿಂದ 60ಕ್ಕೆ ಎರಡು ದಿನ, 61ರಿಂದ 75ಕ್ಕೆ ಮೂರು, 75 ದಾಟಿದರೆ ನಾಲ್ಕು ದಿನ. ಅದು ಪಂದ್ಯಕ್ಕೆ ಬರೆದ ಲೆಕ್ಕ, ಆದರೆ ಮೊಣಕೈಗೆ ಪಂದ್ಯ ಯಾವುದು ವಿಡಿಯೋ ಯಾವುದು ಗೊತ್ತಾಗುತ್ತಾ? 35 ಪಿಚ್ಚಿಗೆ ಶೂಟಿಂಗ್ ಮುಗಿಸುವ ಹಾಗೆ ಮೊದಲೇ ಎಲ್ಲ ಸಿದ್ಧ ಮಾಡಿಕೊಳ್ಳಿ. ಸಿಗದ ಕೋನ ಇನ್ನೊಂದು ದಿನಕ್ಕೆ.

ಟ್ರೈಪಾಡ್ ಮಾವ

ಅಕ್ಕ ಹೇಳಿದ್ದಕ್ಕೆ ಕ್ಯಾಮೆರಾ ಕಡೆಯಿಂದ ಒಂದಿಷ್ಟು ಸೇರಿಸ್ತೀನಿ. ಅಕ್ಕನ ಮಗ ನನಗೆ ಸೋದರಳಿಯನೂ ಹೌದು, ಅವನ ಎರಡನೇ ವಿಡಿಯೋಗೆ ನಾನೇ ಕೂತಿದ್ದು.

85 ಮೈಲಿ ವೇಗದ ಚೆಂಡು ಅಂದ್ರೆ ಸೆಕೆಂಡಿಗೆ ಸುಮಾರು 125 ಅಡಿ. ಫೋನಿನಲ್ಲಿ ಸೆಕೆಂಡಿಗೆ 30 ಫ್ರೇಮ್ (ಚಿತ್ರ) ಇಟ್ಟು ತೆಗೆದ್ರೆ ಒಂದು ಫ್ರೇಮಿಂದ ಇನ್ನೊಂದಕ್ಕೆ ಚೆಂಡು ನಾಲ್ಕು ಅಡಿ ಜಿಗಿದಿರುತ್ತೆ. ಮೌಂಡಿಂದ ಬ್ಯಾಟರ್ ಪಕ್ಕದ ಪ್ಲೇಟಿಗೆ ಇರೋದೇ 60 ಅಡಿ 6 ಇಂಚು, ಅದರಲ್ಲಿ ಹುಡುಗ ಮುಂದೆ ಬಂದು ಕೈಬಿಟ್ಟ ಮೇಲೆ ಉಳಿಯೋದು 55 ಅಡಿ ಅಂತಿಟ್ಕೊಳಿ. ಹದಿನೈದು ಫ್ರೇಮೂ ಬರಲ್ಲ, ಕರ್ವ್ ತಿರುಗಿದ್ದು ಕಾಣಲ್ಲ. 60 ಫ್ರೇಮ್ ಇಡಿ. ಕೈಬಿಡೋ ಕ್ಷಣಕ್ಕೆ ಮಾತ್ರ 240ರಲ್ಲಿ ಬೇರೆಯಾಗಿ ತೆಗೆದು, ಪ್ರತಿ ಬಗೆಯ ಪಿಚ್‌ಗೆ ಒಂದೊಂದು ಸ್ಲೋ ಮೋಷನ್ ಸೇರಿಸಿ.

ಅದಕ್ಕಿಂತ ಮುಖ್ಯ ಶಟರ್, ಅಂದ್ರೆ ಒಂದೊಂದು ಫ್ರೇಮಿಗೆ ಬೆಳಕು ಬೀಳೋ ಹೊತ್ತು. ಸೆಕೆಂಡಿನ 60ರಲ್ಲಿ ಒಂದು ಭಾಗ ಶಟರ್ ಇದ್ರೆ ಚೆಂಡು ಎರಡಡಿ ಉದ್ದದ ಬಿಳಿ ಗೆರೆಯಾಗಿ ಬರುತ್ತೆ. ಸಾವಿರದಲ್ಲಿ ಒಂದು ಭಾಗಕ್ಕೆ ಇಟ್ರೆ ಒಂದೂವರೆ ಇಂಚು ಅಷ್ಟೇ ಅಲುಗೋದು, ಚೆಂಡಿನ ಅಗಲದ ಅರ್ಧ. ಆಗ ಹೊಲಿಗೆ ಸುತ್ತೋದೂ ಒಂದಿಷ್ಟು ಗೊತ್ತಾಗುತ್ತೆ. ಇದಕ್ಕೆ ಬೆಳಕು ಜಾಸ್ತಿ ಬೇಕು, ಹಾಗಾಗಿ ಬಿಸಿಲಿರೋ ಬಯಲಲ್ಲೇ ತೆಗೀರಿ, ಸೂರ್ಯ ನಿಮ್ಮ ಬೆನ್ನಿಗಿರಲಿ. ಒಳಾಂಗಣದ ಕೇಜಲ್ಲಿ ವೇಗದ ಶಟರ್ ಇಟ್ರೆ ಅಲ್ಲಿನ ಲೈಟು ಮಿನುಗಿ ಚಿತ್ರದ ತುಂಬ ಪಟ್ಟೆ ಪಟ್ಟೆ ಬರುತ್ತೆ. ನಾವು ಒಂದು ಚಳಿಗಾಲ ಪೂರ್ತಿ ಹಾಗೆ ತೆಗೆದು ಎಸೆದಿದ್ದೀವಿ.

ಬೇಲಿ ಹಿಂದೆ ನಿಲ್ಲಲೇಬೇಕು ಅಂದ್ರೆ ಲೆನ್ಸನ್ನ ಬೇಲಿ ಕಣ್ಣಿಗೆ ತಾಗಿಸಿ ಇಡಿ. ಎರಡಡಿ ಹಿಂದೆ ಇಟ್ರೆ ಫೋಕಸ್ ತಂತಿ ಮೇಲೆ ಕೂರುತ್ತೆ. ಹತ್ತಿರ ನಿಂತು ವೈಡ್ ಲೆನ್ಸ್ ಹಾಕಬೇಡಿ, ಹುಡುಗನ ಕೈಕಾಲು ಸೊಟ್ಟ ಕಾಣುತ್ತೆ, ಕೋಚ್ ಕೈಯ ಕೋನ ಅಳೆಯೋದು ಅದರಲ್ಲೇ. ದೂರ ಹೋಗಿ ಜೂಮ್ ಮಾಡಿ. ಟ್ರೈಪಾಡ್ ಎದೆ ಎತ್ತರಕ್ಕಿರಲಿ, ಫೋನ್ ಅಡ್ಡಡ್ಡ. ಚೆಂಡಿನ ಹಿಂದೆ ಕ್ಯಾಮೆರಾ ಓಡಿಸಬೇಡಿ, ಅದು ಬಂದು ಬೀಳೋ ಜಾಗ ಮೊದಲೇ ಫ್ರೇಮಲ್ಲಿರಬೇಕು.

ಎರಡು ಫೋನ್ ಇದ್ರೆ ಎರಡು ಕೋನ ಒಟ್ಟಿಗೆ ತೆಗೀಬಹುದು, ಹುಡುಗನಿಗೆ ಅರ್ಧ ಶ್ರಮ ಉಳಿಯುತ್ತೆ. ಅಕ್ಕ ಆ 70 ಪಿಚ್ ವಿಷಯ ಹೇಳಿದ ಮೇಲೆ ನಾವು ಹಾಗೇ ಮಾಡಿದ್ದು.

ಬಲಗೈ ಹುಡುಗನ ಅಪ್ಪ, ಓಹಾಯೋ

ಅಮ್ಮನವರೇ, ಮಾವನವರೇ, ಇಬ್ಬರಿಗೂ ಕೈಮುಗಿದೆ. "ಪಕ್ಕದಿಂದ ತೆಗೆದದ್ದು ಇದೆಯಾ" ಅನ್ನೋ ಸಾಲನ್ನ ಮಗನಿಗೆ ಓದಿ ಹೇಳಿದೆ. ಸುಮ್ಮನೆ ಕೂತು ನಮ್ಮ ವಿಡಿಯೋನ ಸದ್ದಿಲ್ಲದೆ ಇನ್ನೊಂದ್ಸಲ ನೋಡಿದ. "ಅಪ್ಪ, ಇದ್ರಲ್ಲಿ ನನ್ನ ಕೈ ಎಲ್ಲೂ ಕಾಣಲ್ಲ" ಅಂದ. ನಿಜ, 22 ತುಣುಕಿನಲ್ಲೂ ಅಂಪೈರ್ ಬೆನ್ನು ಅರ್ಧ ಮುಚ್ಚಿದೆ.

ಇನ್ನೂ ಕೆಲವು ಅನುಮಾನ. ಪಂದ್ಯದ ವಿಡಿಯೋ ಪೂರ್ತಿ ಬಿಟ್ಟೇಬಿಡಬೇಕಾ? ರ‍್ಯಾಪ್ಸೋಡೋ (ಚೆಂಡಿನ ವೇಗ, ಸುತ್ತು ಅಳೆಯುವ ಯಂತ್ರ) ಅಂಕಿ ಸೇರಿಸಬೇಕಾ? ಆ 31 ಜನ ನೋಡಿ ಬೇಡ ಅಂದರಾ, ಅಥವಾ ನೋಡಲೇ ಇಲ್ಲವಾ? ಅದೇ ಕೋಚ್‌ಗಳಿಗೆ ಮತ್ತೆ ಕಳಿಸಿದರೆ ತಪ್ಪು ತಿಳಿಯುತ್ತಾರಾ?

ವಾರಾಂತ್ಯದ ಕೋಚ್

ನಾನು ಹದಿನಾರರ ವಯಸ್ಸಿನ ಒಂದು ಟ್ರಾವೆಲ್ ಟೀಮಿಗೆ ಸಹಾಯಕ ಕೋಚ್, ಸಂಬಳ ಇಲ್ಲದ ಕೆಲಸ. ಪ್ರತಿ ಬೇಸಿಗೆಯಲ್ಲೂ ಇದೇ ಮಾತು ನಾಲ್ಕು ಮನೆಯವರ ಜೊತೆ ಆಡುತ್ತೇನೆ.

ಮೊದಲು ಉತ್ತರ ಬರದ ವಿಷಯ. ನಿಮ್ಮ 31ರಲ್ಲಿ ಡಿವಿಷನ್ 1 ಎಷ್ಟು? ಬೇಸ್‌ಬಾಲ್‌ನಲ್ಲಿ ಡಿವಿಷನ್ 1 ಕೋಚ್‌ಗಳು ಹುಡುಗನ ಹನ್ನೊಂದನೇ ಕ್ಲಾಸು ಶುರುವಾಗುವ ಮೊದಲಿನ ಆಗಸ್ಟ್ 1ರವರೆಗೆ ಅವನಿಗೆ ಸ್ವಂತ ಪತ್ರ ಬರೆಯುವ ಹಾಗಿಲ್ಲ, ಫೋನ್ ಮಾಡುವ ಹಾಗೂ ಇಲ್ಲ. ಕ್ಯಾಂಪ್ ಮಾಹಿತಿ, ಪ್ರಶ್ನಾವಳಿ ಕಳಿಸಬಹುದು ಅಷ್ಟೇ. ವಿಡಿಯೋ ನೋಡಲು ಅಡ್ಡಿಯಿಲ್ಲ, ಆದರೆ ನೋಡಿ ಇಷ್ಟವಾದರೂ ಬಾಯಿ ಬಿಡುವಂತಿಲ್ಲ. ಡಿವಿಷನ್ 2ಕ್ಕೆ ಆ ದಿನಾಂಕ ಜೂನ್ 15. ಡಿವಿಷನ್ 3ರವರು ಯಾವಾಗ ಬೇಕಾದರೂ ಉತ್ತರಿಸಬಹುದು. ಹಾಗಾಗಿ ನಿಮ್ಮ ಮಗನಿಗೆ ಈ ಮೌನದ ಅರ್ಥ ಬೇಡ ಅಂದರು ಎಂದೇ ಅಲ್ಲ ಎಂದು ಇವತ್ತೇ ಹೇಳಿ.

ಮತ್ತೆ ಕಳಿಸಿದರೆ ಖಂಡಿತ ತಪ್ಪಿಲ್ಲ. "ಹೊಸ ಬುಲ್‌ಪೆನ್ ವಿಡಿಯೋ" ಎಂದು ಹೇಳಿ ಕಳಿಸಲಿ. ಕಳಿಸುವುದು ಮಗ, ನೀವಲ್ಲ. ಸರ್, ಇದನ್ನು ಒತ್ತಿ ಹೇಳುತ್ತೇನೆ. ಅಪ್ಪನ ಮೇಲ್ ಐಡಿಯಿಂದ ಬಂದ ಪತ್ರ ಕೋಚ್‌ಗೆ ಹುಡುಗನ ಬಗ್ಗೆ ಏನೂ ಹೇಳುವುದಿಲ್ಲ. ಸಬ್ಜೆಕ್ಟ್ ಸಾಲಿನಲ್ಲಿ 2027, ಬಲಗೈ ಪಿಚರ್, 6 ಅಡಿ 1, 82-84, ಜಿಪಿಎ 3.8, ಇಷ್ಟು ಇದ್ದರೆ ಪತ್ರ ತೆರೆಯುವ ಮೊದಲೇ ಅವರಿಗೆ ಬೇಕಾದದ್ದು ಸಿಕ್ಕಿರುತ್ತೆ. ಹೆಡ್ ಕೋಚ್ ಒಬ್ಬರಿಗೇ ಅಲ್ಲ, ಪಿಚಿಂಗ್ ಕೋಚ್‌ಗೂ ರಿಕ್ರೂಟಿಂಗ್ ನೋಡಿಕೊಳ್ಳುವವರಿಗೂ ಹೆಸರು ಹಿಡಿದು ಬರೆಯಲಿ. ಯೂಟ್ಯೂಬಿನಲ್ಲಿ ಅನ್‌ಲಿಸ್ಟೆಡ್ ಎಂದು ಹಾಕಿ, ಪ್ರೈವೇಟ್ ಎಂದು ಹಾಕಿದರೆ ಅವರಿಗೆ ತೆರೆಯುವುದಿಲ್ಲ. ಕಳಿಸುವ ಮೊದಲು ಬೇರೆ ಯಾರದ್ದಾದರೂ ಫೋನಿನಲ್ಲಿ ಲಿಂಕ್ ಒತ್ತಿ ನೋಡಿ. ಕಳೆದ ವರ್ಷ ನಮ್ಮ ಟೀಮಿನ ಒಬ್ಬ ಹುಡುಗ ನಲವತ್ತು ಜನಕ್ಕೆ ತೆರೆಯದ ಲಿಂಕ್ ಕಳಿಸಿ ಎರಡು ತಿಂಗಳು ಕಾದ.

ಪಂದ್ಯದ ತುಣುಕು ಪೂರ್ತಿ ಬಿಡಬೇಡಿ, ಆದರೆ ಎರಡನೇ ಲಿಂಕಾಗಿ ಇಡಿ. ಸ್ಟ್ರೈಕ್‌ಔಟ್ ಪೋಣಿಸಬೇಡಿ, ಒಂದು ಇನ್ನಿಂಗ್ಸ್ ಇದ್ದದ್ದು ಇದ್ದ ಹಾಗೆ ಹಾಕಿ. ಡಬಲ್ (ಬ್ಯಾಟರ್ ಎರಡನೇ ಬೇಸ್ ಮುಟ್ಟುವ ಹೊಡೆತ) ಹೊಡೆಸಿಕೊಂಡು ಆಮೇಲೆ ಇಬ್ಬರನ್ನು ಔಟ್ ಮಾಡಿದ ಇನ್ನಿಂಗ್ಸ್ ಇದ್ದರೆ ಅದೇ ಇರಲಿ. ಹೊಡೆಸಿಕೊಂಡ ಮೇಲೆ ಹುಡುಗ ಮೌಂಡಿಗೆ ಹೇಗೆ ನಡೆದು ಬರುತ್ತಾನೆ, ಎರರ್ ಮಾಡಿದ ಶಾರ್ಟ್‌ಸ್ಟಾಪ್ (ಒಬ್ಬ ಫೀಲ್ಡರ್) ಕಡೆ ಹೇಗೆ ನೋಡುತ್ತಾನೆ ಅನ್ನುವುದನ್ನು ಬುಲ್‌ಪೆನ್ ತೋರಿಸುವುದಿಲ್ಲ. ಆಸಕ್ತಿ ಮೂಡಿದ ಕೋಚ್ ಎರಡನೇ ಲಿಂಕ್ ಒತ್ತಿಯೇ ಒತ್ತುತ್ತಾರೆ.

ರ‍್ಯಾಪ್ಸೋಡೋ ಅಥವಾ ಟ್ರ್ಯಾಕ್‌ಮ್ಯಾನ್ ಅಂಕಿ ಇದ್ದರೆ ಕೊಡಿ, ಸ್ಪಿನ್ ಎಷ್ಟು, ಚೆಂಡು ಎಷ್ಟು ಇಂಚು ಸರಿಯಿತು ಅನ್ನುವುದನ್ನು ಈಗ ಎಲ್ಲರೂ ಓದುತ್ತಾರೆ. ಇಲ್ಲದಿದ್ದರೆ ಅದಕ್ಕಾಗಿ ಪರದಾಡಬೇಡಿ.

ಪಟ್ಟಿಯ ಬಗ್ಗೆಯೂ ಒಂದು ಮಾತು. ಕಾಲೇಜುಗಳೇ ಆಟಗಾರರಿಗೆ ಹಣ ಕೊಡಬಹುದಾದ ಹೊಸ ವ್ಯವಸ್ಥೆಗೆ ಸೇರಿದ ಡಿವಿಷನ್ 1 ಟೀಮುಗಳಲ್ಲಿ 2025-26ರಿಂದ ರೋಸ್ಟರ್ (ಟೀಮಿನ ಆಟಗಾರರ ಸಂಖ್ಯೆ) 34ಕ್ಕೆ ಸೀಮಿತ, ಜೊತೆಗೆ ಟ್ರಾನ್ಸ್‌ಫರ್ ಪೋರ್ಟಲ್‌ನಿಂದ (ಕಾಲೇಜು ಬದಲಿಸುವ ಆಟಗಾರರ ಪಟ್ಟಿ) 21-22 ವರ್ಷದ ಪಳಗಿದ ಪಿಚರ್‌ಗಳು ಬರುತ್ತಾರೆ. ಹೈಸ್ಕೂಲ್ ಹುಡುಗರಿಗೆ ಜಾಗ ಬಿಗಿಯಾಗಿದೆ. ಎಲ್ಲ ಡಿವಿಷನ್ನುಗಳೂ, ಎನ್‌ಎಐಎ (ಇನ್ನೊಂದು ಕಾಲೇಜು ಕ್ರೀಡಾ ಸಂಸ್ಥೆ), ಎರಡು ವರ್ಷದ ಜೂನಿಯರ್ ಕಾಲೇಜುಗಳೂ ಪಟ್ಟಿಯಲ್ಲಿರಲಿ. ಡಿವಿಷನ್ 3ರಲ್ಲಿ ಅಥ್ಲೆಟಿಕ್ ಸ್ಕಾಲರ್‌ಶಿಪ್ ಇಲ್ಲ, ಆದರೆ 3.8 ಇರುವವನಿಗೆ ಓದಿನ ಮೇಲೆ ನೆರವು ಸಿಗುವ ದಾರಿ ಅಲ್ಲಿದೆ. ಆಡುವ ಅರ್ಹತೆಗೆ ಎನ್‌ಸಿಎಎ ಕೇಳುವ 16 ಕೋರ್ ಕೋರ್ಸುಗಳ (ಹೈಸ್ಕೂಲಿನ ಮುಖ್ಯ ವಿಷಯಗಳ) ಲೆಕ್ಕವನ್ನು ಶಾಲೆಯ ಕೌನ್ಸೆಲರ್ ಹತ್ತಿರ ಈಗಲೇ ಕೂತು ನೋಡಿ. ಡಿವಿಷನ್ 1ಕ್ಕೆ ಅದರಲ್ಲಿ 10 ಹನ್ನೆರಡನೇ ಕ್ಲಾಸು ಶುರುವಾಗುವ ಮೊದಲೇ ಮುಗಿದಿರಬೇಕು.

ಎಡಗೈ ಹುಡುಗನ ಅಮ್ಮ

ಕೋಚ್ ಹೇಳಿದ ಹಾಗೆ ಪತ್ರ ಅವನೇ ಬರೆಯಲಿ. ನನ್ನ ಮಗನ ಮೊದಲ ಪತ್ರದಲ್ಲಿ ಎರಡು ಕಾಗುಣಿತ ತಪ್ಪಿತ್ತು, ಕೈ ತಡೆದುಕೊಂಡು ಹಾಗೇ ಬಿಟ್ಟೆ. ಉತ್ತರ ಬಂತು.

ಮತ್ತೆ ಕ್ಯಾಚರ್ ವಿಷಯ ಹಗುರ ಮಾಡಬೇಡಿ. ಚೆಂಡು ಹಿಡಿಯಲು ಅಪ್ಪನೇ ಕೂರುವ ಮನೆಗಳು ಬೇಕಾದಷ್ಟಿವೆ. ಚೆಂಡು ಮಿಟ್ಟಿನಿಂದ ಜಾರಿ ಬಿದ್ದರೆ ಒಳ್ಳೆಯ ಕರ್ವ್ ಕೂಡ ಕೆಟ್ಟ ಪಿಚ್ ಥರ ಕಾಣುತ್ತೆ. ಅವನ ಟೀಮಿನ ಕ್ಯಾಚರ್‌ನನ್ನೇ ಕರೆಯಿರಿ. ಆ ಹುಡುಗನಿಗೂ ವಿಡಿಯೋ ಬೇಕಾಗಿರುತ್ತೆ, ಅದೇ ದಿನ ಅವನದ್ದೂ ತೆಗೆದುಕೊಡಿ.

ಬಲಗೈ ಹುಡುಗನ ಅಪ್ಪ, ಓಹಾಯೋ

ಎಲ್ಲರಿಗೂ ಸುದ್ದಿ ಕೊಡೋಣ ಅಂತ ಬಂದೆ.

ಶನಿವಾರ ಬೆಳಿಗ್ಗೆ 9ಕ್ಕೆ ಹೈಸ್ಕೂಲ್ ಮೈದಾನದ ಬುಲ್‌ಪೆನ್‌ನಲ್ಲಿ ತೆಗೆದೆವು. ಎರಡು ಫೋನು, ಎರಡು ಟ್ರೈಪಾಡು. ಟೀಮಿನ ಕ್ಯಾಚರ್ ಬಂದಿದ್ದ. ಪಿಚ್ ಎಣಿಸಲು ನನ್ನ ಚಿಕ್ಕ ಮಗಳು ನೋಟ್‌ಬುಕ್ ಹಿಡಿದು ಕೂತಿದ್ದಳು, 30 ಆದ ಕೂಡಲೇ ಕೂಗು ಹಾಕಬೇಕು ಅಂತ ಹೇಳಿದ್ದೆ. 34ಕ್ಕೆ ಮುಗಿಸಿದೆವು. ರೇಡಾರ್ ಡಿಸ್‌ಪ್ಲೇ ಫ್ರೇಮಿನಲ್ಲೇ ಇದೆ, 81ರಿಂದ 84. ಎಡಿಟ್ ಮಾಡಿದ ಮೇಲೆ 1 ನಿಮಿಷ 50 ಸೆಕೆಂಡು.

ಕಳಿಸಿಲ್ಲ ಇನ್ನೂ. ಯಾಕೆ ಅಂದರೆ, ಆ ಸಂಜೆ ಮಗ ಮೂರನೇ ಬೇಸ್ ಕಡೆಯ ತುಣುಕುಗಳನ್ನ ಹಿಂದೆ ಮುಂದೆ ಮಾಡಿ ನೋಡುತ್ತಾ ಒಂದು ಕಡೆ ನಿಲ್ಲಿಸಿ ನನ್ನ ಕರೆದ. ಫಾಸ್ಟ್‌ಬಾಲ್ ಹಾಕುವ ಮುಂಚೆ ಗ್ಲೋವ್ ಮುಚ್ಚಿಕೊಂಡೇ ಇರುತ್ತೆ. ಚೇಂಜಪ್‌ಗೆ ಚೆಂಡನ್ನ ಅಂಗೈ ಒಳಕ್ಕೆ ಸರಿಸಿ ಹಿಡಿಯುವಾಗ ಗ್ಲೋವ್ ಹೂವಿನ ಹಾಗೆ ಅರಳುತ್ತೆ. ಹಾಕಿದ ಎಲ್ಲ ಚೇಂಜಪ್‌ನಲ್ಲೂ ಹಾಗೇ. ಮೇ ತಿಂಗಳಲ್ಲಿ ಒಂದು ಟೀಮು ಅವನ ಚೇಂಜಪ್ಪನ್ನ ಮೊದಲೇ ಗೊತ್ತಿದ್ದ ಹಾಗೆ ಕಾದು ಕಾದು ಹೊಡೆದಿತ್ತು. ಎರಡು ವಾರ ಆ ಪಿಚ್ ಹಾಕೋಕೇ ಹೆದರಿದ್ದ. ಮೂರು ವರ್ಷದಿಂದ ಅವನ ಪಂದ್ಯ ತೆಗೀತಿದ್ದೀನಿ, ಬೇಲಿ ಹಿಂದಿನಿಂದ ಇದು ಕಂಡೇ ಇರಲಿಲ್ಲ.

ಈಗ ಮೂರು ಪಿಚ್ಚಿಗೂ ಗ್ಲೋವ್ ಒಂದೇ ಥರ ಸ್ವಲ್ಪ ತೆರೆದು ಇಟ್ಟುಕೊಂಡು ಅಭ್ಯಾಸ ಮಾಡುತ್ತಿದ್ದಾನೆ, ಕನ್ನಡಿ ಮುಂದೆ, ಚೆಂಡು ಎಸೆಯದೆ. ಸರಿಹೋದ ಮೇಲೆ ಚೇಂಜಪ್ ಮೂರು ಮಾತ್ರ ಮತ್ತೆ ತೆಗೆದು ಸೇರಿಸೋಣ ಅಂದಿದ್ದಾನೆ. ಪತ್ರ ಅವನೇ ಬರೆದಿಟ್ಟಿದ್ದಾನೆ, ನಾನು ಓದಿಲ್ಲ. ಆಗಸ್ಟ್ 1ರ ಬೆಳಿಗ್ಗೆ ಡಿವಿಷನ್ 1ರವರಿಗೆ, ಉಳಿದವರಿಗೆ ಅದಕ್ಕೂ ಮೊದಲೇ.

ಮಾವನವರೇ, ಗ್ಲೋವ್ ಒಳಗಿನ ಹಿಡಿತ ಸ್ಪಷ್ಟ ಕಾಣಬೇಕು ಅಂದರೆ ಆ ತುಣುಕನ್ನ 240ರಲ್ಲೇ ತೆಗೀಲಾ, 120 ಸಾಕಾ?

ಟ್ರೈಪಾಡ್ ಮಾವ

120 ಸಾಕು ಸರ್, ಕೈ ಆಗ ನಿಧಾನ ಇರುತ್ತೆ. 240 ಕೈಬಿಡೋ ಕ್ಷಣಕ್ಕೆ ಇಟ್ಕೊಳಿ. ಬೆಳಿಗ್ಗೆ 9ರ ಬಿಸಿಲೇ ಇರಲಿ, ಅದೇ ಜಾಗ, ಅದೇ ಅಂಗಿ, ಆಗ ಹಳೇದರ ಜೊತೆ ಹೊಂದುತ್ತೆ.